ಬೂಷ್ಟಿನ ಕುಲ ಕೇಳುವ ಮಾಮ

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಊರು, ಆಮೇಲೆ ಮೆಲ್ಲಗೆ ಕುಲ ಕೇಳುತ್ತಾರೆ. ನನ್ನ ಸೋದರಮಾವನೂ ಕುಲ ಕೇಳುವವನೇ. ಆದರೆ ಮನುಷ್ಯರದ್ದಲ್ಲ, ಬೂಷ್ಟಿನದ್ದು! ಲಿಂಗಸುಗೂರಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆ ತೊಳೆದು ನಿವೃತ್ತನಾದವನಿಗೆ ಅಲ್ಲಿಂದಲೇ ಅಂಟಿದ ಚಟವಿದು. ಎರಡು ಹಸಿರು ಬೂಷ್ಟು ನಮಗೆ ಒಂದೇ, ಎರಡೂ ತಿಪ್ಪೆಗೆ. ಅವನು ಬಿಡುವನೇ? ಬೆಳೆಸಿ, ಒಣಗಿಸಿ, ವಿಶ್ವವಿದ್ಯಾಲಯದಲ್ಲಿರುವ ಪರಿಚಯದವರಿಗೆ ಕಳಿಸುತ್ತಾನೆ. ಅಲ್ಲಿ ಅದರ ಕೊಬ್ಬು ತೆಗೆದು ಯಂತ್ರಕ್ಕೆ ಹಾಕಿದರೆ, ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂದು ಗೆರೆ ಎಳೆದು ತೋರಿಸುತ್ತದಂತೆ. ಗೆರೆ ಬೇರೆಯಾದರೆ ಕುಲವೂ ಬೇರೆ!

ಭಾನುವಾರ ಬಂದರೆ ಸಿಂಧನೂರಿನ ನಮ್ಮ ಮನೆಗೆ ಹಾಜರು. ಒಮ್ಮೆ ಪಕ್ಕದ ಮನೆಯಾಕೆ ಕೆಟ್ಟ ಉಪ್ಪಿನಕಾಯಿ ಚೆಲ್ಲಲು ಹೊರಟಾಗ, "ಅಕ್ಕಾರ, ಚೆಲ್ಲಬ್ಯಾಡ್ರಿ! ಇಂಥಾ ಬೂಷ್ಟು ಸಿಗಾಂಗಿಲ್ಲ" ಎಂದು ಕೈಮುಗಿದು ಭರಣಿ ಹೊತ್ತು ತಂದ. ಆಕೆ ಓಣಿಯ ತುಂಬ ಹೇಳಿದ್ದೇನು? "ಪಾಪ, ಅವ್ರ ಮನ್ಯಾಗ ಉಣ್ಣಾಕ ಹಾಕಾಂಗಿಲ್ಲ ಕಾಣ್ತೈತಿ!"

ಅಕ್ಕಿ ಗಿರಣಿಯ ಕಾವಲುಗಾರನಂತೂ ಇವನ ಕನ್ನಡಕ ನೋಡಿ, ಸರ್ಕಾರಿ ತಪಾಸಣೆಯವನೆಂದು ಕುರ್ಚಿ ಹಾಕಿ ಚಹಾ ತರಿಸಿದ. "ಬೂಷ್ಟು ಹಿಡಿದ ತೌಡು ಇದ್ರ ಒಂದ್ ಮುಷ್ಟಿ ಕೊಡ್ರಿ" ಎಂದು ಮಾಮ ಅಂದದ್ದೇ ತಡ, "ಏಳ್ರಿ, ಮೊದ್ಲ ಕುರ್ಚಿ ಬಿಡ್ರಿ!"

"ಬರೇ ಕೊಬ್ಬು ನೋಡಿ ಕುಲ ಹೆಂಗ ಹೇಳ್ತಿ ಮಾಮಾ?" ಎಂದು ಕೇಳಿದ್ದೆ.

"ಒಂದು ಕರಾರು ಐತಿ ಬೇ. ಎಲ್ಲಾಕ್ಕೂ ಒಂದ ಊಟ, ಒಂದ ಕಾವು, ಒಂದ ಲೆಕ್ಕದ ದಿನ. ಒಂದಕ್ಕ ಹುಗ್ಗಿ, ಒಂದಕ್ಕ ಗಂಜಿ ಹಾಕಿದ್ರ ಕೊಬ್ಬ ಬದಲಾಗ್ತೈತಿ. ಆಮ್ಯಾಲ ಇದರ ಕುಲ ಬ್ಯಾರೆ ಅನ್ನಾಕ ಬರಾಂಗಿಲ್ಲ."

ನಾನು ನಕ್ಕೆ. ನಗುವ ಭಾಗ ಇಲ್ಲಿಗೆ ಮುಗಿಯಿತು. ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ನಮ್ಮೆಜಮಾನರ ಸಾಹೇಬರು ಹೆಂಡತಿಯೊಂದಿಗೆ ಊಟಕ್ಕೆ ಬಂದಿದ್ದ ದಿನವೇ ಮಾಮನೂ ಬಂದ. ಅಂಗಿಯ ತುಂಬ ತೌಡು, ಕೈಚೀಲದಿಂದ ಹುಳಿವಾಸನೆ. ಅವನನ್ನು ಮೆಲ್ಲಗೆ ಹಿತ್ತಲಿಗೆ ಸಾಗಿಸಿ, ಕೂಲಿಯವರಿಗೆಂದು ಮಾಡುವ ದಪ್ಪಕ್ಕಿ ಅನ್ನ ಬಡಿಸಿದೆ. ಒಳಗೆ ಸಣ್ಣಕ್ಕಿ, ಹೋಳಿಗೆ! ನಾನು ಚಿಕ್ಕವಳಿದ್ದಾಗ ಮಸ್ಕಿಯಲ್ಲಿ ನನ್ನನ್ನು ದಿನಾ ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದವನು ಅವನು.

ಕೈ ತೊಳೆಯಲು ಹಿತ್ತಲಿಗೆ ಬಂದ ಸಾಹೇಬರ ಹೆಂಡತಿ, "ಇವರು ಯಾರು?" ಎಂದರು.

"ಹಿತ್ತಲ ಕಸ ತೆಗಿಯಾಕ ಬಂದಾನ್ರಿ" ಎಂದುಬಿಟ್ಟೆ. ಸುಡಬೇಕು ನನ್ನ ಬಾಯಿ!

ಮಾಮ ತಲೆ ಎತ್ತಲಿಲ್ಲ. ಅರ್ಧ ಉಂಡ ತಾಟು ಬದಿಗಿಟ್ಟು, ಕೈ ತೊಳೆದು, ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಗುಡಿಸತೊಡಗಿದ. ಆಕೆ ಒಳಗೆ ಹೋದೊಡನೆ ಓಡಿಹೋಗಿ ಕೈ ಹಿಡಿದೆ. "ಮಾಮಾ, ಸಾಕು, ಬಿಡು..."

"ಕೈ ಬಿಡವ್ವ," ಎಂದ, ನೆಲ ನೋಡುತ್ತಲೇ. "ಕಿಟಕ್ಯಾಗಿಂದ ನೋಡಾಕತ್ತಾರ."