ರೈಲು ಬದಲಾಯಿಸದೆ ಓದಿದ ಬಿ.ಎಸ್ಸಿ.

ಹೊಸಬರು ಯಾರೇ ಸಿಗಲಿ, ನನ್ನ ಹೆಸರು ಕೇಳಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: "ತಾವು ಓದಿದ್ದು ಎಲ್ಲಿ?" ನಾನು ಹೇಳುತ್ತೇನೆ. ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಹೈಸ್ಕೂಲುಗಳಲ್ಲಿ ಸೈನ್ಸ್ ಮೇಷ್ಟ್ರಾಗಿ ಕಾಲ ಕಳೆದವನು ನಾನು. ಆಗಬೇಕೆಂದುಕೊಂಡಿದ್ದು ಬೇರೆ. ನಮ್ಮ ಕಡೆ ಅರಿಶಿನದ ಗೆಡ್ಡೆಗೆ ಕೊಳೆ ರೋಗ ಬರುತ್ತದಲ್ಲ, ಅದು ಯಾಕೆ ಬರುತ್ತದೆ, ಹೇಗೆ ಹರಡುತ್ತದೆ ಎಂದು ಕಂಡುಹಿಡಿಯಬೇಕೆನ್ನುವುದು ಹುಡುಗನಾಗಿದ್ದಾಗಿನಿಂದ ನನಗೆ ಹತ್ತಿದ್ದ ಹುಚ್ಚು. ಅದು ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಅಳುತ್ತ ಹೇಳಿದರೆ ಯಾರೂ ನಿಲ್ಲುವುದಿಲ್ಲ. ನಗುತ್ತ ಹೇಳಿದರೆ ಕಾಫಿ ಕೊಟ್ಟು ಕೂರಿಸಿಕೊಳ್ಳುತ್ತಾರೆ.

ಆನರ್ಸ್ ಅಂದರೆ ಏನು

ಇಂಟರ್‌ಮೀಡಿಯೆಟ್ ಪಾಸಾದ ವರ್ಷ. ನನಗೂ, ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಭೀಮನಬೀಡಿನ ಗೆಳೆಯನಿಗೂ ಬೆಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಆನರ್ಸ್‌ಗೆ ಸೀಟು ಸಿಕ್ಕಿತ್ತು. ಅದೇ ವರ್ಷ ಮೈಸೂರಿನಲ್ಲಿ ಯಾರೋ ಒಂದು ಸಣ್ಣ ಕಾಲೇಜು ತೆರೆದಿದ್ದರು. ಅಲ್ಲಿ ಆನರ್ಸ್ ಇರಲಿಲ್ಲ, ಪಾಸ್ ಬಿ.ಎಸ್ಸಿ. ಮಾತ್ರ.

ಅಪ್ಪ ಸಂತೆಮರಹಳ್ಳಿಯ ಪಕ್ಕದ ನಮ್ಮೂರಿನಲ್ಲಿ ಅರಿಶಿನ ಬೆಳೆಯುತ್ತಿದ್ದ. ಎರಡು ಕಾಲೇಜಿನ ವಿಷಯವನ್ನೂ ಕೇಳಿಸಿಕೊಂಡು, ವಿಭೂತಿ ಹಚ್ಚಿದ ಹಣೆಯನ್ನು ಸ್ವಲ್ಪ ಹೊತ್ತು ಉಜ್ಜಿಕೊಂಡು ಹೇಳಿದ: "ಮೈಸೂರಾದ್ರೆ ಚಾಮರಾಜನಗರದಲ್ಲಿ ರೈಲು ಅತ್ತುದ್ರೆ ಇಳಿಯೋದೇ ಅಲ್ಲಿ. ಬೆಂಗ್ಳೂರಾದ್ರೆ ನಡುವೆ ಗಾಡಿ ಬದ್ಲಾಯಿಸ್ಬೇಕು. ಯಾಕ್ಲಾ ಆ ತಾಪತ್ರಯ?"

ನಾನು ಓಡಿಹೋಗಿ, ಹೈಸ್ಕೂಲಿನಲ್ಲಿ ನನಗೆ ಸೈನ್ಸ್ ಕಲಿಸಿದ್ದ ಮೇಷ್ಟ್ರಿಗೆ ಹೇಳಿದೆ. ಅವರು ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ನಮ್ಮೂರಿಗೇ ಬಂದರು. ಜಗುಲಿಯ ಮೇಲೆ ಕೂತು ಅಪ್ಪನಿಗೆ ಬಿಡಿಸಿ ಹೇಳಿದರು: "ಯಜಮಾನ್ರೇ, ಮುಂದೆ ಎಂ.ಎಸ್ಸಿ., ರಿಸರ್ಚು ಅಂತ ಹೋಗಬೇಕಾದರೆ ಆನರ್ಸೇ ಓದಿರಬೇಕು. ಪಾಸ್ ಓದಿದರೆ ದಾರಿ ಅಲ್ಲಿಗೇ ಮುಗಿಯಿತು. ನಿಮ್ಮ ಹುಡುಗನಿಗೆ ಆ ಶಕ್ತಿ ಇದೆ."

"ಆನರ್ಸ್ ಅಂದ್ರೆ ಏನು ಬುದ್ಧಿ?" ಅಪ್ಪ ಕೇಳಿದ.

ಮೇಷ್ಟ್ರು ಕನ್ನಡದಲ್ಲಿ ಹೇಗೆ ಹೇಳುವುದೆಂದು ಯೋಚಿಸಿ, "ಮರ್ಯಾದೆ ಅಂತ" ಅಂದರು.

ಅಪ್ಪ ತಲೆಯಾಡಿಸಿದ. "ಮರ್ಯಾದೆಗೆ ಬೆಂಗ್ಳೂರ್ ಗಂಟ ಯಾಕ್ ಓಗ್ಬೇಕು ಬುದ್ಧಿ? ನಮ್ಮೂರಲ್ಲೇ ಬೇಕಾದಷ್ಟು ಕೊಡ್ತಾರೆ."

ಮೇಷ್ಟ್ರು ಮಜ್ಜಿಗೆ ಕುಡಿದು ಸೈಕಲ್ ಹತ್ತಿದರು. ಗೆಳೆಯ ಬೆಂಗಳೂರಿಗೆ ಹೋದ. ನಾನು ರೈಲು ಬದಲಾಯಿಸದೆ ಮೈಸೂರಿನಲ್ಲಿ ಇಳಿದೆ.

ಏನು ಕಾಣಿಸುತ್ತದೆ

ನಮ್ಮ ಕಾಲೇಜು ಇದ್ದದ್ದು ಒಂದು ಹೋಟೆಲಿನ ಮಹಡಿಯ ಮೇಲೆ. ಲೆಕ್ಚರರು ಎಲೆ ಹೇಗೆ ಉಸಿರಾಡುತ್ತದೆ ಎಂದು ಹೇಳುವಾಗ ನಾವು ಸಾಂಬಾರಿನ ಒಗ್ಗರಣೆ ಉಸಿರಾಡುತ್ತಿದ್ದೆವು. ಇಡೀ ಕಾಲೇಜಿಗೆ ಇದ್ದದ್ದು ಒಂದು ಮೈಕ್ರೋಸ್ಕೋಪು. ಅದು ಪ್ರಿನ್ಸಿಪಾಲರ ರೂಮಿನ ಬೀರುವಿನಲ್ಲಿ, ಬೀಗದೊಳಗೆ. ಆಯುಧಪೂಜೆಯ ದಿನ ಹೊರಗೆ ತೆಗೆದು, ಕುಂಕುಮ ಇಟ್ಟು, ಹೂ ಮುಡಿಸಿ, ನಾವೆಲ್ಲ ಕೈಮುಗಿದ ಮೇಲೆ ಮತ್ತೆ ಒಳಗಿಡುತ್ತಿದ್ದರು. "ಹುಡುಗರ ಕೈಗೆ ಕೊಟ್ಟರೆ ಹಾಳಾಗುತ್ತೆ" ಎನ್ನುವುದು ಪ್ರಿನ್ಸಿಪಾಲರ ನಂಬಿಕೆ.

ಹೀಗಾಗಿ ಈರುಳ್ಳಿ ಸಿಪ್ಪೆಯ ಕೋಶ ಹೇಗಿರುತ್ತದೆಂದು ನಾವು ಪುಸ್ತಕದ ಚಿತ್ರ ನೋಡಿಯೇ ಬಾಯಿಪಾಠ ಮಾಡಿದ್ದೆವು.

ಫೈನಲ್ ಪ್ರಾಕ್ಟಿಕಲ್ಲಿಗೆ ಹೊರಗಿನಿಂದ ಎಕ್ಸಾಮಿನರು ಬಂದರು. ಆವತ್ತು ಮೈಕ್ರೋಸ್ಕೋಪು ಮೇಜಿನ ಮೇಲಿತ್ತು. ನನ್ನನ್ನು ಕರೆದು, "ನೋಡಿ, ಏನು ಕಾಣಿಸುತ್ತೆ ಹೇಳಿ" ಅಂದರು. ನಾನು ಕಣ್ಣಿಟ್ಟೆ. ಬೆಳ್ಳಗೆ ಏನೋ ಕಂಡಿತು. ಬಿಡಲಿಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಸುತ್ತ ಗೋಡೆ, ನಡುವೆ ಕೋಶಕೇಂದ್ರ, ಎಲ್ಲವನ್ನೂ ಪುಸ್ತಕದಲ್ಲಿದ್ದಂತೆ ಒಂದೂ ತಪ್ಪಿಲ್ಲದೆ ವಿವರಿಸಿದೆ.

ಎಕ್ಸಾಮಿನರು ಕೊನೆಯವರೆಗೂ ಸಮಾಧಾನವಾಗಿ ಕೇಳಿದರು. "ತುಂಬ ಚೆನ್ನಾಗಿ ಹೇಳಿದಿರಿ" ಅಂದರು. "ಇರಿ, ಈಗ ಸ್ಲೈಡ್ ಇಡ್ತೀನಿ."

ಸಂದರ್ಶನ

ಡಿಗ್ರಿ ಬಂದ ಮೇಲೆ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಸಹಾಯಕರ ಕೆಲಸಕ್ಕೆ ಅರ್ಜಿ ಹಾಕಿದೆ. ಹೇಗೋ ಸಂದರ್ಶನಕ್ಕೆ ಕರೆದರು. ಗೆಡ್ಡೆ ಕೊಳೆಯುವ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಹೊಲದಲ್ಲಿ ನಾನೇ ಕಂಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ನೀರು ನಿಲ್ಲುವ ಸಾಲಿನಲ್ಲಿ ರೋಗ ಮೊದಲು ಬರುತ್ತದೆ. ರೋಗ ಬಂದ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಇಟ್ಟರೆ ಮರುವರ್ಷ ಹೊಸ ಹೊಲಕ್ಕೂ ಬರುತ್ತದೆ. ಇದನ್ನು ಅವರ ಮುಂದೆ ಹೇಳಬೇಕು, ಅವರು ಕೇಳಬೇಕು. ಅಷ್ಟೇ ನನ್ನ ಆಸೆ.

ಒಳಗೆ ಮೂವರು ಹಿರಿಯರು ಕೂತಿದ್ದರು. ಮೊದಲನೆಯವರು, "ಯಾವ ಕಾಲೇಜು?" ಅಂದರು. ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಕೇಳಿಲ್ಲವಲ್ಲ. ಮೈಸೂರಿನಲ್ಲಿ ಎಲ್ಲಿ ಬರುತ್ತೆ?"

"ಮಾರ್ಕೆಟ್ ದಾಟಿ ಎಡಕ್ಕೆ ತಿರುಗಿದರೆ ಒಂದು ಹೋಟೆಲ್ ಇದೆ ಸಾರ್. ಅದರ ಮಹಡಿ ಮೇಲೆ."

ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದ ಎರಡನೆಯವರು ಎಚ್ಚೆತ್ತರು. "ಓ, ಆ ಹೋಟೆಲ್ಲಾ? ದೋಸೆ ಚೆನ್ನಾಗಿ ಮಾಡ್ತಿದ್ದರು. ಈಗಲೂ ಮೇಲೆ ಬೆಣ್ಣೆ ಇಡ್ತಾರಾ?"

"ಇಡ್ತಾರೆ ಸಾರ್. ಸ್ವಲ್ಪ ಕಮ್ಮಿ ಮಾಡಿದ್ದಾರೆ."

"ಛೆ," ಅಂದರು ಮೂರನೆಯವರು. "ಚಟ್ನಿ?"

ಚಟ್ನಿಯ ವಿಷಯ ಹೇಳಿದೆ. ಮೂವರಿಗೂ ಸಂತೋಷವಾಯಿತು. "ಆಯಿತು, ನೀವಿನ್ನು ಹೊರಡಬಹುದು" ಅಂದರು. ಅವರು ಕೆಟ್ಟವರಲ್ಲ. ನನ್ನ ಕಾಲೇಜಿನ ಬಗ್ಗೆ ಕೇಳಲು ಅವರಿಗೆ ಬೇರೇನೂ ಇರಲಿಲ್ಲ.

ಹೊರಗೆ ಸರದಿಗಾಗಿ ಕಾಯುತ್ತಿದ್ದವನೊಬ್ಬ ಗಾಬರಿಯಿಂದ ಕೇಳಿದ: "ತುಂಬ ಆಳಕ್ಕೆ ಹೋಗ್ತಾರಾ?"

"ಚಟ್ನಿವರೆಗೂ ಹೋಗ್ತಾರೆ" ಅಂದೆ.

ಗುರುಭಕ್ತಿ

ಆಮೇಲೆ ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾದೆ. ಅಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬ ಬಹಳ ಚುರುಕು. ಪ್ರಶ್ನೆ ಕೇಳಿದರೆ ಉತ್ತರ ಹೇಳಿ, ತಿರುಗಿ ನನಗೇ ಒಂದು ಪ್ರಶ್ನೆ ಕೇಳುತ್ತಿದ್ದ. ಅವನಪ್ಪ ಪೇಟೆಯಲ್ಲಿ ಬೆಲ್ಲದ ವ್ಯಾಪಾರಿ. ಹುಡುಗ ಇಂಟರ್‌ಮೀಡಿಯೆಟ್ ಮುಗಿಸಿದಾಗ ನಾನೇ ಅವರ ಅಂಗಡಿಗೆ ಹೋದೆ. ನನಗಾದದ್ದು ಇವನಿಗೆ ಆಗಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಸಾವ್ಕಾರ್ರೇ, ಇವನನ್ನು ಆನರ್ಸ್ ಇರುವ ಕಾಲೇಜಿಗೇ ಸೇರಿಸಿ. ಎಷ್ಟು ದೂರವಾದರೂ ಸರಿ. ಅಲ್ಲಿ ಲ್ಯಾಬ್ ಇರುತ್ತೆ, ಒಳ್ಳೆಯ ಪ್ರೊಫೆಸರುಗಳು ಇರ್ತಾರೆ, ಮುಂದಿನ ದಾರಿ ಅಲ್ಲಿಂದಲೇ ತೆರೆಯೋದು. ಎಲ್ಲಿ ಓದಿದ ಅನ್ನೋದು ಕೊನೆವರೆಗೂ ಬೆನ್ನು ಬಿಡೋಲ್ಲ" ಎಂದು ಗಂಟಲು ಒಣಗುವಷ್ಟು ಹೇಳಿದೆ. ಸಾಹುಕಾರರ ಕಣ್ಣಲ್ಲಿ ನೀರು ಬಂದಿತು. "ನಮ್ಮುಡ್ಗನ ಮ್ಯಾಲೆ ನಿಮ್ಗೆ ಇಷ್ಟು ಪ್ರೀತಿನಾ ಮೇಷ್ಟ್ರೇ" ಅಂದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಸ್ವಲ್ಪ ದಿನಕ್ಕೆ ಸಾಹುಕಾರರು ಹಣ್ಣು, ಮೈಸೂರುಪಾಕು ಇಟ್ಟ ತಟ್ಟೆ ಹಿಡಿದು, ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನಿಂದ ನನ್ನ ಕಾಲಿಗೆ ನಮಸ್ಕಾರ ಮಾಡಿಸಿದರು.

"ಸೇರಿಸ್ಬುಟ್ಟೆ ಮೇಷ್ಟ್ರೇ."

"ಬೆಂಗಳೂರಿಗಾ?"

"ಬೆಂಗ್ಳೂರಾ? ಅಲ್ಲಿ ನಿಮ್ಮಂತೋರು ಎಲ್ಲಿ ಸಿಕ್ತಾರೆ? ನೀವು ಎಲ್ಲಿ ಓದಿದ್ರಿ ಅಂತ ಸ್ಕೂಲಲ್ಲಿ ವಿಚಾರಿಸ್ಕಂಡು, ಅಲ್ಲಿಗೇ ಸೇರಿಸ್ಬುಟ್ಟೆ."

ಮೈಸೂರುಪಾಕು ಬಾಯಲ್ಲಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹುಡುಗ ಮಾತ್ರ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದ: "ಸಾರ್, ಅಲ್ಲಿ ಮೈಕ್ರೋಸ್ಕೋಪ್ ಇದೆಯಾ?"

"ಇದೆ," ಅಂದೆ. "ನವರಾತ್ರಿಯಲ್ಲಿ ದರ್ಶನ ಆಗುತ್ತೆ."

ಇನ್ನೂ ಓದುತ್ತಿರುವವನು

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು. ಒಂದು ಶನಿವಾರ ಭೀಮನಬೀಡಿನ ಗೆಳೆಯ ಮನೆಗೆ ಬಂದ. ಹೆಗಲಲ್ಲಿ ಖಾಕಿ ಚೀಲ, ಅದರ ತುಂಬ ಗಾಜಿನ ಬಾಟಲಿ. ಎಂ.ಎಸ್ಸಿ. ಮುಗಿಸಿ ಡಾಕ್ಟರೇಟಿಗೆ ಸಂಶೋಧನೆ ಮಾಡುತ್ತಿದ್ದ.

"ಯಾವ ವಿಷಯದ ಮೇಲೆ?" ಅಂದೆ.

ಅವನು ಸ್ವಲ್ಪ ಸಂಕೋಚದಿಂದ, "ಅರಿಶಿನದ ಗೆಡ್ಡೆ ಕೊಳೆ" ಅಂದ. "ಹಾಸ್ಟೆಲಿನಲ್ಲಿ ನೀನು ದಿನಾ ಹೇಳ್ತಿದ್ದುದೇ ಕಣಯ್ಯ. ಗೈಡು ವಿಷಯ ಏನು ಅಂತ ಕೇಳಿದಾಗ ಬೇರೇನೂ ನೆನಪಿಗೆ ಬರಲಿಲ್ಲ."

ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ. ಆದರೂ ಅವನನ್ನು ನಮ್ಮೂರಿಗೆ ಕರೆದುಕೊಂಡು ಹೋದೆ. ರೋಗ ಬಂದ ಹೊಲಗಳನ್ನೆಲ್ಲ ತೋರಿಸಿ, ಆ ಮೂವರು ಹಿರಿಯರು ಕೇಳದೆ ಉಳಿದದ್ದನ್ನೆಲ್ಲ ಹೇಳಿದೆ. ಅವನು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ. ಕೇಳಿ ಮುಗಿದ ಮೇಲೆ ತಲೆಯೆತ್ತದೆ ಹೇಳಿದ: "ನಿನ್ನನ್ನೂ ಸೇರಿಸಿಕೊಳ್ಳಿ ಅಂತ ಗೈಡನ್ನು ಕೇಳಿದೆ. ಪಾಸ್ ಡಿಗ್ರಿಯವರಿಗೆ ಆಗೋಲ್ಲ ಅಂದರು. ಮತ್ತೊಮ್ಮೆ ಕೇಳಿದೆ. ಆಗಲೂ ಅದನ್ನೇ ಅಂದರು."

ನಾನು ಒಂದು ಕೊಳೆತ ಗೆಡ್ಡೆ ಕಿತ್ತು ಅವನ ಬಾಟಲಿಗೆ ಹಾಕಿದೆ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತೆವು. ಬಾಟಲಿಗಳಲ್ಲಿದ್ದ ಕೊಳೆತ ಗೆಡ್ಡೆಗಳನ್ನು ಅಪ್ಪ ನೋಡಿದ, ಗೆಳೆಯನ ಕೆಸರು ಮೆತ್ತಿದ ಪ್ಯಾಂಟು ನೋಡಿದ.

"ಏನ್ ಮಾಡ್ಕಂಡಿದ್ದೀಯಪ್ಪ ಈಗ?"

"ಓದ್ತಾ ಇದ್ದೀನಿ ದೊಡ್ಡಪ್ಪ."

"ಇನ್ನೂವಾ?"

"ಇನ್ನೂ ಎರಡು ವರ್ಷ ಆಗಬಹುದು."

ಅಪ್ಪ ಅವನ ಮುದ್ದೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿದ.

ಮುಂದಿನ ವಾರ ನಮ್ಮ ಹೆಡ್‌ಮಾಸ್ಟರು ನನ್ನನ್ನು ರೂಮಿಗೆ ಕರೆದರು. ಮೇಜಿನ ಮೇಲೆ ಒಂದು ಬಾಳೆಗೊನೆ ಇತ್ತು. "ನಿಮ್ಮ ತಂದೆಯವರು ಬಂದಿದ್ದರು" ಅಂದರು. ನಗು ತಡೆದುಕೊಂಡು, ಅಪ್ಪ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದರು: "ನಮ್ಮುಡ್ಗನ ಸ್ನೇಯ್ತ ಒಬ್ಬ ಅವ್ನೆ ಬುದ್ಧಿ. ಇಬ್ರೂ ಒಂದೇ ಸಲ ಓದಕ್ಕೆ ಸೇರಿದ್ರು. ನಮ್ಮೋನು ಆಗ್ಲೇ ಮುಗಿಸ್ಬುಟ್ಟು ಮೇಷ್ಟ್ರಾದ. ಅವನ್ಗೆ ಪಾಪ ಇನ್ನೂ ತಲೆಗತ್ತಿಲ್ಲ. ಕೊಳ್ತೋಗಿರೋ ಅರಿಶಿನ ಆಯ್ಕಂಡು ಒಲ ಒಲ ಅಲೀತಾ ಅವ್ನೆ. ನಿಮ್ ಸ್ಕೂಲಲ್ಲಿ ಗಂಟೆ ಒಡಿಯೋ ಕೆಲ್ಸನಾದ್ರೂ ಕೊಡ್ಸಿ."

ಆ ಭಾನುವಾರ ಊರಿಗೆ ಹೋಗಿ ಅಪ್ಪನನ್ನು ಎದುರಿಗೆ ಕೂರಿಸಿಕೊಂಡೆ. ರಿಸರ್ಚ್ ಅಂದರೆ ಏನು, ಡಾಕ್ಟರೇಟ್ ಅಂದರೆ ಏನು, ಮುಂದೆ ಅವನು ಎಷ್ಟು ದೊಡ್ಡ ಮನುಷ್ಯನಾಗುತ್ತಾನೆ, ನಾನು ಬೇಕೆಂದರೂ ಆ ಜಾಗಕ್ಕೆ ಹೋಗಲಾರೆ, ಎಲ್ಲವನ್ನೂ ಹೇಳಿದೆ.

ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟ.

"ಸ್ನೇಯ್ತನ್ನ ಬುಟ್ಕೊಡ್ದೆ ಮಾತಾಡ್ತೀಯಲ್ಲ, ಒಳ್ಳೇದು ಕಣ್ಲಾ" ಅಂದ. "ಆದ್ರೆ ನೀನು ಆಗ್ಲೇ ಓದು ಮುಗಿಸಿರೋ ವಿಷ್ಯ ಮಾತ್ರ ಅವನ ಮುಂದೆ ಎತ್ಬೇಡ. ನೊಂದ್ಕತಾನೆ."