ನನ್ನ ಪಿತ್ತಕೋಶದ ಕಲ್ಲಿನ ಮಹಿಮೆ

ಗಂಭೀರವಾಗಿರೋಣ ಅಂತ ನಾನು ಹೊರಟಾಗಲೆಲ್ಲ ಏನಾದರೊಂದು ನಗೆಪಾಟಲಾಗುತ್ತದೆ. ಈ ಸಲ ಅದು ನನ್ನ ಹೊಟ್ಟೆಯೊಳಗೇ ಆಯಿತು. ಹೇಳುವಾಗ ಅಲ್ಲಲ್ಲಿ ಒಗ್ಗರಣೆ ಬಿದ್ದಿರಬಹುದು. ಹೊಟ್ಟೆ ಮಾತ್ರ ನನ್ನದೇ.

೧. ಹಳದಿ

ಹೊಟ್ಟೆನೋವು ವಾರದಿಂದ ಇತ್ತು. ಒಂದು ಬೆಳಿಗ್ಗೆ ಎದ್ದರೆ ಕಣ್ಣು, ಮುಖ ಎಲ್ಲ ಹಳದಿ. ಹಾವು ಬಂತು, ಲಾಟರಿ ಹೊಡೆಯಿತು ಅಂತ ಮದುವೆಯಾದಾಗಿನಿಂದ ಹೆಂಡತಿಯನ್ನು ಬೇಸ್ತು ಬೀಳಿಸಿಕೊಂಡು ಬಂದವನು ನಾನು, ಅವಳು ನಂಬಲಿಲ್ಲ. ಅರಿಶಿನ ಬಳಿದುಕೊಂಡಿದ್ದೀನಿ ಅಂತ ಒದ್ದೆ ಟವಲ್ ತಂದು, ಪಾತ್ರೆ ತಿಕ್ಕುವ ಹಾಗೆ ನನ್ನ ಕೆನ್ನೆ ತಿಕ್ಕಿದಳು. ಟವಲ್ ಬೆಳ್ಳಗೇ ಉಳಿಯಿತು. ಅವಳು ಕುಸಿದು ಕೂತಳು.

"ಇದೊಂದ್ಸಲ ಸುಳ್ಳು ಹೇಳ್ಬಾರ್ದಿತ್ತೇನ್ರೀ?" ಅಂದಳು.

೨. ವಿಗ್ರಹದ ಕಲ್ಲು

ಆಸ್ಪತ್ರೆಯಲ್ಲಿ ಸರ್ಜನ್ ಸ್ಕ್ಯಾನ್ ನೋಡಿ ವಿವರಿಸಿದರು. ಪಿತ್ತಕೋಶದ ಕತ್ತಿನಲ್ಲಿ ಸಿಕ್ಕಿಕೊಂಡ ಕಲ್ಲು ಪಕ್ಕದ ಪಿತ್ತನಾಳವನ್ನು ಒತ್ತಿಹಿಡಿದಿದೆ, ಕಾಮಾಲೆ ಅದರಿಂದಲೇ, ಇದು ಅಪರೂಪ. ಸಾಲದ್ದಕ್ಕೆ, ಮೇದೋಜೀರಕ ಗ್ರಂಥಿಯ ಎರಡು ನಾಳಗಳು ತಾಯಿಯ ಹೊಟ್ಟೆಯಲ್ಲೇ ಒಂದಾಗಬೇಕಿತ್ತಂತೆ, ನನ್ನಲ್ಲಿ ಆಗಿಲ್ಲವಂತೆ. ಹುಟ್ಟುವ ಮುಂಚೆಯೇ ಮನೆ ಭಾಗವಾಗಿದೆ ಅನ್ನಿ, ಅಂದೆ. ಡಾಕ್ಟರು ನಕ್ಕರು, ಹೆಂಡತಿ ನಗಲಿಲ್ಲ.

ಎರಡೂ ಒಟ್ಟಿಗಿರುವ ಹೊಟ್ಟೆ ಮತ್ತೆಲ್ಲಿ ಸಿಗುತ್ತದೆ? ಮೆಡಿಕಲ್ ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಬಂದರು. ಪಕ್ಕದ ಬೆಡ್ಡಿನ ಆಟೋ ಡ್ರೈವರಿಗೂ ಪಿತ್ತಕೋಶದ ಕಲ್ಲೇ. ಅವನತ್ತ ಯಾರೂ ತಿರುಗಲಿಲ್ಲ. ಪಾಪ ಅನ್ನಿಸಿ, ಅವರದನ್ನೂ ನೋಡಿ ಅಂತ ಶಿಫಾರಸು ಮಾಡಿದೆ.

ಅವನು ಗೋಡೆ ಕಡೆ ಮಗ್ಗುಲಾದ. "ಬುಡಿ ಸಾರ್. ನಿಮ್ದು ವಿಗ್ರಹ ಕೆತ್ತೋ ಕಲ್ಲು, ನಂದು ರೋಡಿಗಾಕೋ ಜಲ್ಲಿ."

೩. ಯಾರಮ್ಮ ನೀವು?

ಕಲ್ಲು ಬಿಡಿಸುವಾಗ ನಾಳವೇ ಹರಿಯಬಹುದು, ಹಾಗಾದರೆ ಕಷ್ಟ ಅಂತ ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಹೆಂಡತಿ ಸೆರಗಿನ ತುದಿ ಹಿಂಡುತ್ತಾ ಸ್ಟ್ರೆಚರ್ ಜೊತೆ ನಡೆದಳು. ವಾಪಸ್ ಬಂದರೆ ಇವಳನ್ನು ನಗಿಸಲೇಬೇಕು ಅಂದುಕೊಂಡೆ.

ಎಚ್ಚರವಾದಾಗ ಅವಳೇ ಎದುರಿಗಿದ್ದಳು. ಕಲ್ಲು ಹೊರಗೆ ಬಂತಂತೆ, ನಾಳ ಹರಿದಿಲ್ಲವಂತೆ. ಅಷ್ಟು ಕೇಳಿದ್ದೇ ತಡ, ಹಳೇ ಬುದ್ಧಿ ಎದ್ದು ಕೂತಿತು. ಕ್ಷೀಣ ದನಿ ಮಾಡಿ, "ಯಾರಮ್ಮ ನೀವು?" ಅಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. ಕಣ್ಣೊರೆಸಿಕೊಂಡು, "ನೆನಪು ಹೋಯ್ತಾ? ಪರವಾಗಿಲ್ಲ ಬಿಡಿ," ಅಂದಳು. "ಉಳ್ಕೊಂಡ್ರೆ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಕೊಂಡು ಹತ್ತುತೀನಿ ಅಂತ ಹರಕೆ ಹೊತ್ಕೊಂಡಿದ್ರಿ. ನಂಗೆ ನೆನಪಿದೆ."

"ಲೇ, ನಾನೆಲ್ಲೇ ಹಾಗಂದೆ?"

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಬಂತಲ್ಲ ನೆನಪು. ಹೊಲಿಗೆ ಒಣಗ್ಲಿ, ಕುಂಕುಮ ನಾನೇ ತಂದ್ಕೊಡ್ತೀನಿ."