ಆಕಿ ಕಿವಿ ಚಲೋ ಅದಾವು

ಸಾಲಿ ಅಂದ ಮ್ಯಾಲೆ ನಗೋ ಪ್ರಸಂಗ ದಿನಕ್ಕ ನಾಕಾದರೂ ಆಗತಾವು. ಅದರಾಗ ಮೂರರಾಗ ತಪ್ಪು ಕಲಿಸೋರದ್ದ ಇರತೈತಿ, ಅದನ್ನ ಮಾತ್ರ ನಾವು ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ನಾ ಬೈಲಹೊಂಗಲ ತಾಲೂಕಿನ ಒಂದು ಸರಕಾರಿ ಕನ್ನಡ ಸಾಲ್ಯಾಗ ಭಾಳ ವರ್ಷ ಅಕ್ಕೋರಾಗಿದ್ದೆ. ಬಾಯಿ ಜೋರು, ಮಾತಿಗೆ ಮಾತು ತಯಾರು. ಈಗ ಹೇಳೋ ಪ್ರಸಂಗಗಳಿಗೆ ಆವಾಗ ಸಾಲಿಗೆ ಸಾಲೀನ ನಕ್ಕಿತ್ತು. ಎಲ್ಲಾ ಒಬ್ಬ ಹುಡುಗೀವು. ಈಗ ನೆನಸಿಕೊಂಡ್ರ ನಗು ಅರ್ಧಕ್ಕ ನಿಂತುಬಿಡತೈತಿ.

ಮನಿ ಮಾತು

ಎರಡನೇ ಇಯತ್ತೆದಾಗ ಒಬ್ಬ ಟೆಂಪೋ ಡ್ರೈವರ್ ಸಾಹೇಬರ ಮಗಳಿದ್ದಳು. ಬೋರ್ಡ್ ನೋಡಿ ಬರಿ ಅಂದ್ರ ಅಕ್ಷರ ಮುತ್ತಿನಂಗ. ಬಾಯಿಲೆ ಹೇಳಿ ಬರಸಿದ್ರ ಪಾಟಿ ಖಾಲಿ. ಮುಂದಿನ ಸಾಲಿನ್ಯಾಗ ಕುಂತು ನನ್ನ ಮಾರೀನ ನೋಡತಿದ್ದಳು. "ಇಷ್ಟು ಲಕ್ಷ್ಯ ಕೊಡೋ ಹುಡುಗಿ ಇನ್ನೊಂದಿಲ್ಲ" ಅಂತ ನಾನ ಎಲ್ಲಾರ ಮುಂದ ಹೊಗಳತಿದ್ದೆ.

ಒಂದಿನ ಅವರವ್ವ ಬಂದಳು. "ಅಕ್ಕೋರ, ಈಕಿಗೆ ಕಿವಿ ಬರೋಬ್ಬರಿ ಕೇಳಂಗಿಲ್ಲ ಅನಸತೈತ್ರಿ. ಸಾಲ್ಯಾಗಿಂದ ಬರದು ಕೊಟ್ರ ಬೈಲಹೊಂಗಲದ ಶಿಬಿರದಾಗ ಡಾಕ್ಟರ್ ತಪಾಸಣಾ ಮಾಡತಾರಂತ. ಮಾತು ಕಲಿಯೋ ವಯಸ್ಸು ದಾಟಿ ಹೋದ್ರ ಏನು ಮಾಡೂದ್ರಿ?"

ನಾ ಅಂದೆ, "ಏನೂ ಆಗಿಲ್ಲ ಬಿಡಬೇ. ಮನ್ಯಾಗ ಉರ್ದು, ಸಾಲ್ಯಾಗ ಕನ್ನಡ. ಹುಡುಗಿಗೆ ಗೊಂದಲ ಆಗೇತಿ. ಆರು ತಿಂಗಳು ಮನಿಮಂದೆಲ್ಲಾ ಕನ್ನಡ ಮಾತಾಡ್ರಿ."

"ಉರ್ದುದಾಗ ಕರದ್ರೂ ಓ ಅನ್ನಂಗಿಲ್ರಿ ಅಕ್ಕೋರ," ಅಂದಳು ಪಾಪ. ನಾ ಕೇಳಸಿಕೊಳ್ಳಲಿಲ್ಲ.

ಬರೋಬ್ಬರಿ ಆರು ತಿಂಗಳಿಗೆ ಮತ್ತ ಬಂದಳು. "ನೀವು ಹೇಳಿದಂಗ ಮಾಡೇವ್ರಿ ಅಕ್ಕೋರ. ಮಿರಜದಿಂದ ಬಂದ ನಮ್ಮ ಅತ್ತಿಯವರು ಈಗ ಭಾಳ ಚಲೋ ಕನ್ನಡ ಮಾತಾಡತಾರ್ರಿ. ಹುಡುಗಿ ಮಾತ್ರ ಹಂಗ ಅದಾಳ."

ಗಂಟಿ

ಆ ಹೆಣ್ಣಮಗಳು ಬಿಡೋ ಪೈಕಿ ಅಲ್ಲ. ಮೂರನೇ ಇಯತ್ತೆದಾಗ ಯಾರ ಕೈಲೋ ಅರ್ಜಿ ಬರಸಿಕೊಂಡು ಬಂದು ಹೆಡ್ ಮಾಸ್ತರರ ಟೇಬಲ್ ಮ್ಯಾಲೆ ಇಟ್ಟಳು. ಅವರು ಅದನ್ನ ನನ್ನ ಕಡೆ ಸರಿಸಿ, "ಶಿಬಿರಕ್ಕ ಕಳಸೂಕಿಂತ ಮೊದಲು ನೀವ ಒಮ್ಮೆ ಪರೀಕ್ಷಾ ಮಾಡ್ರಿ" ಅಂದ್ರು.

ನನಗೇನು ಡಾಕ್ಟರಕಿ ಬರತಿತ್ತ? ಸಾಲಿ ಗಂಟಿ ತಗೊಂಡು ಸದ್ದಿಲ್ಲದಂಗ ಮಕ್ಕಳ ಹಿಂದ ಹೋಗಿ ನಿಂತು ಢಣ್ ಅಂತ ಬಾರಿಸಿದೆ. ಇಡೀ ವರ್ಗ ತಿರುಗಿ ನೋಡಿತು. ಆಕೀನೂ ತಿರುಗಿದಳು. ಮುಗೀತು! ಅರ್ಜಿ ಮ್ಯಾಲೆ 'ಖುದ್ದಾಗಿ ಪರೀಕ್ಷಿಸಲಾಗಿದೆ, ಕಿವಿ ಚೆನ್ನಾಗಿವೆ' ಅಂತ ಬರದು ಸೊಟ್ಟ ಸಹಿ ಹೊಡದೆ. ಮಗ್ಗಲದವರು ತಿರುಗಿದ್ದು ನೋಡಿ ಆಕಿ ತಿರುಗಿರಬೇಕು ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ.

ಅಷ್ಟರಾಗ ಹೊರಗ ಗದ್ದಲ. ಗಂಟಿ ಕೇಳಿ, ಸಾಲಿ ಬಿಟ್ತು ಅಂತ ಉಳಿದ ವರ್ಗದ ಮಕ್ಕಳೆಲ್ಲಾ ಪಾಟಿಚೀಲ ಹಾಕ್ಕೊಂಡು ಓಡಾಕತ್ತಿದ್ರು. ಹಿಡಿದು ತರೂಣು ಅಂತ ನಾ ಗೇಟಿಗೆ ಓಡಿದ್ರ, ಎಲ್ಲಾರಿಗಿಂತ ಮುಂದ ಹೆಡ್ ಮಾಸ್ತರರ ಸೈಕಲ್ ಹೊಂಟಿತ್ತು.

ಇಲ್ಲ

ಇಲಾಖೆಯಿಂದ ವರ್ಷಾ ಒಂದು ನಮೂನೆ ಬರತಿತ್ತು. ಸಾಲ್ಯಾಗ ಅಂಗವಿಕಲ ಮಕ್ಕಳು ಎಷ್ಟು ಅಂತ ತುಂಬಬೇಕು. ಹೆಡ್ ಮಾಸ್ತರರು ಪ್ರತಿ ವರ್ಷ 'ಇಲ್ಲ' ಅಂತ ಬರೀತಿದ್ರು. "ಒಂದು ಹೌದು ಅಂದ್ರ ಹತ್ತು ಕಾಗದ ಬರತಾವ್ರಿ ಅಕ್ಕೋರ" ಅನ್ನೂದು ಅವರ ಲೆಕ್ಕ. ಅದರ ಬುಡಕ ವರ್ಗಶಿಕ್ಷಕಿ ಅಂತ ನನ್ನ ಸಹಿ.

ಒಮ್ಮೆ ಮಳಿಗಾಲದಾಗ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಆ ಕಾಗದ ನೋಡಿ ಖುಷಿ ಆದ್ರು. "ಭೇಷ್! ನಿಮ್ಮ ಸಾಲ್ಯಾಗ ಯಾವ ತೊಂದರೀನೂ ಇಲ್ಲಲ್ಲ?"

"ಏನೇನೂ ಇಲ್ರಿ ಸಾಹೇಬ್ರ," ಅಂತ ಹೆಡ್ ಮಾಸ್ತರರು ಕೈ ಮುಗದು, ಸೋರಾಕತ್ತಿದ್ದ ಹಂಚಿನ ಬುಡಕ ಕಾಲಿಲೆ ಬಕೀಟ್ ಸರಿಸಿದ್ರು.

ಸೆರಗು

ನಾಕನೇ ಇಯತ್ತೆದಾಗ ಒಂದಿನ ನನಗ ಹಲ್ಲುಬ್ಯಾನಿ. ಗಲ್ಲ ಬೋಂಡಾ ಆಗಿತ್ತು. ನಾಚಿಕಿ ಬಂದು ಬಾಯಿ ಮ್ಯಾಲೆ ಸೆರಗು ಮುಚಗೊಂಡು ಪಾಠ ಮಾಡಾಕತ್ತೆ. ಹತ್ತು ನಿಮಿಷ ಆತು, ಈ ಹುಡುಗಿ ಚಡಪಡಿಸಾಕ ಹತ್ತಿದಳು. ಆಮ್ಯಾಲೆ ಅಳುಮಾರಿ ಮಾಡಿಕೊಂಡು ಎದ್ದು ಬಂದು, ನನ್ನ ಸೆರಗು ಹಿಡಿದು ಕೆಳಗ ಜಗ್ಗಿದಳು. ಜಗ್ಗಿ, ನನ್ನ ತುಟೀನ ನೋಡಿಕೋತ ನಿಂತಳು. ಹುಡುಗರು ಬಿದ್ದು ಬಿದ್ದು ನಕ್ಕವು. ನನಗ ಆವಾಗ ತಿಳೀತು. ಇಷ್ಟು ದಿನ ಆಕಿ ನನ್ನ ಪಾಠ ಕೇಳಿರಲಿಲ್ಲ, ನೋಡಿದ್ದಳು.

ಆ ವಾರಾನ ನಾ ಅರ್ಜಿ ಬರದು, ತಾಯಿ ಮಗಳನ್ನ ಕರಕೊಂಡು ಬೈಲಹೊಂಗಲದ ಶಿಬಿರಕ್ಕ ಹೋದೆ. ಡಾಕ್ಟರ್ ನೋಡಿ ಅಂದ್ರು, "ಮಷೀನ್ ಹಾಕಿದ್ರ ಒಂದಷ್ಟು ಕೇಳತೈತಿ. ಆದ್ರ ಮಾತು ಸಾಫ್ ಬರೂದು ಕಷ್ಟ. ಎರಡು ವರ್ಷ ಮೊದಲ ಬರಬೇಕಿತ್ತು." ಆಮ್ಯಾಲೆ ಕಾಗದದ ಜೋಡಿ ಬಂದಿದ್ದ ಹಳೇ ಅರ್ಜಿ ನೋಡಿ ಸಿಟ್ಟಾದ್ರು. "ಕಿವಿ ಚೆನ್ನಾಗಿವೆ ಅಂತ ಬರದ ಶಾಣ್ಯಾರು ಯಾರು?"

ಆ ತಾಯಿ ನನ್ನ ಕಡೆ ಒಮ್ಮೆ ನೋಡಿ, "ಯಾರೋ ಹಳೇ ಅಕ್ಕೋರ್ರಿ ಸಾಹೇಬ್ರ. ವರ್ಗ ಆಗಿ ಸವದತ್ತಿ ಕಡೆ ಹೋದ್ರು" ಅಂದಳು.

ಸವದತ್ತಿಗೆ ಹೋದ ಆ ಅಕ್ಕೋರನ್ನ ಡಾಕ್ಟರ್ ಹತ್ತು ನಿಮಿಷ ಬೈದ್ರು. ನಡುನಡುವ ನಾನೂ 'ಹೌದ್ರಿ, ಹೌದ್ರಿ' ಅಂದೆ.

ತಾಟು

ನಾ ರಿಟೈರ್ ಆಗಿ ಮೂರನೇ ವರ್ಷ ತಾಯಿ ಮಗಳು ಮನಿಗೆ ಬಂದ್ರು. ಹುಡುಗಿ ದೊಡ್ಡಾಕಿ ಆಗಿ, ಹೊಲಿಗಿ ಕಲಿತು, ಲಗ್ನದ ಕಾರ್ಡ್ ಕೊಡಾಕ ಬಂದಿದ್ದಳು. ಕಿವ್ಯಾಗ ಮಷೀನು. ಮಾತು ಇನ್ನೂ ತೊದಲು. ಆಕಿ ಹೇಳಿದ್ದಕ್ಕೆಲ್ಲಾ ನಾ ನಕ್ಕೋತ 'ಹೂಂ ಹೂಂ' ಅನ್ನಾಕತ್ತಿದ್ದೆ.

ಆಕಿ ನನ್ನ ಮಾರಿ ದಿಟ್ಟಿಸಿ ನೋಡಿದಳು. "ಅಕ್ಕೋರ, ನೀವು ನನ್ನ ತುಟಿ ನೋಡಾಕತ್ತೀರಿ."

"ಏ, ನನ್ನ ಕಿವಿ ಚಲೋ ಅದಾವು!" ಅಂದೆ. ಮನ್ಯಾಗ ಮಗ ಸೊಸಿ ಕಿವಿ ತೋರಿಸಿಕೋ ಅಂತ ಎಷ್ಟು ಸಲ ಹೇಳಿದ್ರೂ ಇದ ಉತ್ತರ ಕೊಟ್ಟಿದ್ದೆ.

ಆಕಿ ಅವ್ವನ ಕಿವ್ಯಾಗ ಏನೋ ಅಂದು, ಅಡಗಿಮನಿಯಿಂದ ತಾಟು ಚಮಚಾ ತಂದು ನನ್ನ ಹಿಂದ ನಿಂತಳು. ಎದುರು ಕುಂತ ತಾಯಿ ಗಕ್ಕನ ಆ ಕಡೆ ನೋಡಿದಳು. ನಾನೂ ಗಕ್ಕನ ತಿರುಗಿದೆ. "ನೋಡು, ಕೇಳತೈತಿಲ್ಲ?"

ಆಕಿ ಚಮಚಾ ಎತ್ತಿ ಹಿಡಿದು ನಗಾಕತ್ತಿದ್ದಳು. "ನಾ ಇನ್ನೂ ಬಾರಿಸೇ ಇಲ್ರಿ ಅಕ್ಕೋರ."

ಮೂರೂ ಮಂದಿ ಹೊಟ್ಟಿ ಹಿಡಕೊಂಡು ನಕ್ಕೆವು. ನಕ್ಕು ನಕ್ಕು ನನಗ ಕಣ್ಣಾಗ ನೀರು ಬಂದು, ಆಮ್ಯಾಲೆ ಅದು ನಗೂದ ನೀರಾಗಿ ಉಳೀಲಿಲ್ಲ. ತಲಿ ತಗ್ಗಿಸಿ, "ನಂದ ತಪ್ಪಾತು ಮಗಳ" ಅಂದೆ.

ಆಕಿ ಮುಂದ ಬಂದು ಕುಂತು, ನನ್ನ ಗದ್ದ ಹಿಡಿದು ಮಾರಿ ಎತ್ತಿದಳು. "ಮಾರಿ ಮ್ಯಾಲೆ ಮಾಡಿ ಹೇಳ್ರಿ ಅಕ್ಕೋರ. ಕೇಳಲಿಲ್ಲ."

ಆಕಿ ಕಣ್ಣಾಗ ಕಣ್ಣಿಟ್ಟು ಮತ್ತೊಮ್ಮೆ ಹೇಳಿದೆ.